ಗ್ಲಿಸರಿನ್ ತುಂಬಿದ ಸಿರಿಂಜು

ಡ್ರಿಪ್ಪಿನ ಬಾಟಲಿ ಖಾಲಿಯಾಗುವ ಮೊದಲು ಗಂಟೆ ಹೊಡೆದು ನರ್ಸನ್ನು ಕರೆಯುವ ಒಂದು ಸಣ್ಣ ಯಂತ್ರಕ್ಕೆ ಪೇಟೆಂಟ್ ಬೇಕೆಂದು ನಮ್ಮ ಡಾಕ್ಟರರು ಅರ್ಜಿ ಹಾಕಿದ್ದರು. ಇಂಥದ್ದು ಮೊದಲೇ ಬೇರೊಬ್ಬರ ಹೆಸರಿನಲ್ಲಿ ಇದೆ ಎಂದು ಮದ್ರಾಸಿನ ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂತು. ಅದು ಬೇರೆ, ಇದು ಬೇರೆ ಎಂದು ವಾದಿಸಿ ಪುತ್ತೂರಿನಿಂದ ಹೋದ ಉತ್ತರದಲ್ಲಿದ್ದ ಮಾತು ನನ್ನದು. ಸಹಿ ಡಾಕ್ಟರರದ್ದು. ಆಗಿಹೋದದ್ದನ್ನು ಈಗ ಯಾಕಮ್ಮ ಕೆದಕುವುದು ಎಂದು ನನ್ನ ಮಗಳು ಕೇಳುತ್ತಾಳೆ. ಕೆದಕಲು ಆ ಗಾಯ ಒಣಗಿದ್ದರೆ ತಾನೇ? ನನಗೆ ಸಿಟ್ಟು ಬರುವುದು ಸ್ವಲ್ಪ ಬೇಗ, ಹೋಗುವುದು ಬಹಳ ನಿಧಾನ. ಇದು ಇನ್ನೂ ಹೋಗಿಲ್ಲ.

ನಾನು ಬೆಳ್ಳಾರೆಯ ಹತ್ತಿರದ, ಅರೆಭಾಷೆ ಆಡುವ ಒಂದು ಮನೆಯವಳು. ಎಪ್ಪತ್ತರ ದಶಕದಲ್ಲಿ ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಪುತ್ತೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿದೆ. ನರ್ಸ್ ಕೆಲಸಕ್ಕೆ ನಮ್ಮ ಕಡೆ ಆಗ ಮರ್ಯಾದೆ ಇರಲಿಲ್ಲ. ಮದುವೆಮನೆಯಲ್ಲಿ ಬಡಿಸಲು ನಿಂತರೆ ಹೆಂಗಸರು ನನ್ನ ಮುಖ ಬಿಟ್ಟು ಕೈ ನೋಡುತ್ತಿದ್ದರು, ಈ ಕೈ ಎಲ್ಲೆಲ್ಲಿ ಮುಟ್ಟಿ ಬಂದಿದೆಯೋ ಎಂದು. ಒಬ್ಬರು ಚಿಕ್ಕಮ್ಮ ನಗುನಗುತ್ತಲೇ ಪಾಯಸದ ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು, ನೀನು ದಣಿದಿದ್ದೀ, ಸ್ವಲ್ಪ ಕೂತುಕೋ ಎಂದಿದ್ದರು. ದಣಿವೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಮಾತ್ರ ನನ್ನ ಪರ. ಬೆಳ್ಳಾರೆ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ, ಮಗಳು ಪುತ್ತೂರಿನಲ್ಲಿ ಆಸ್ಪತ್ರೆ ನೋಡಿಕೊಳ್ಳುತ್ತಾಳೆ ಎಂದು ಹೇಳುತ್ತಿದ್ದರು. ಕೇಳಿದವರಿಗೆ ನಾನೇ ಅದರ ಯಜಮಾನಿ ಎಂದು ಅನ್ನಿಸಬೇಕು, ಹಾಗೆ.

ನಮ್ಮ ಡಾಕ್ಟರರು ಕೆಟ್ಟವರು ಎಂದರೆ ನನ್ನ ನಾಲಗೆ ಬಿದ್ದುಹೋದೀತು. ಬಡವರು ಬಂದರೆ ಮುಖ ನೋಡಿ ಫೀಸು ಬಿಡುತ್ತಿದ್ದರು. ಮಳೆಗಾಲದಲ್ಲಿ ವಾಂತಿಭೇದಿ ಎಂದು ಒಂದೇ ಮನೆಯ ನಾಲ್ಕು ಜನ ಬಂದು ಮಲಗಿದರೆ ಊಟ ಬಿಟ್ಟು ಓಡಾಡುತ್ತಿದ್ದರು. ಕೈಗುಣ ಒಳ್ಳೆಯದೆಂದು ಸುಳ್ಯದಿಂದಲೂ ಕಡಬದಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತದ್ದಕ್ಕೆ ನನಗೆ ಹೆಮ್ಮೆಯೂ ಇತ್ತು. ಆದ್ದರಿಂದಲೇ ನೋವು ಹೆಚ್ಚು. ಯಾವನೋ ದಾರಿಹೋಕ ಮಾಡಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ.

ಆಗ ಡ್ರಿಪ್ಪಿಗೆ ಗಾಜಿನ ಬಾಟಲಿ. ಸ್ಟ್ಯಾಂಡಿನಿಂದ ತಲೆಕೆಳಗಾಗಿ ನೇತುಹಾಕಿ, ರಬ್ಬರ್ ಕೊಳವೆ ಇಳಿಸಿ, ಕೈಯ ನರಕ್ಕೆ ಸೂಜಿ ಚುಚ್ಚುವುದು. ಬಾಟಲಿ ಮುಗಿಯುವ ಹೊತ್ತಿಗೆ ನಾವು ಅಲ್ಲಿರಬೇಕು. ಇಲ್ಲದಿದ್ದರೆ ರಕ್ತ ಹಿಂದಕ್ಕೆ ಏರಿ ಸೂಜಿಯೊಳಗೆ ಹೆಪ್ಪುಗಟ್ಟುತ್ತದೆ, ಮತ್ತೆ ಹೊಸದಾಗಿ ಚುಚ್ಚಬೇಕು. ಎರಡು ವಾರ್ಡು, ಒಂದು ಹೆರಿಗೆ ಕೋಣೆ, ಹಗಲು ಪಾಳಿಗೆ ಇಬ್ಬರು ನರ್ಸುಗಳು. ನಾವೆಂತ ನಾಲ್ಕು ಕೈಯ ದೇವಿಯರಾ? ರೋಗಿಯ ಜೊತೆಗೆ ಬಂದವರಿಗೆ, ನೀರು ಇಷ್ಟಕ್ಕೆ ಬಂದಾಗ ಕರೆಯಿರಿ ಎಂದು ಬಾಟಲಿಯ ಮೇಲೆ ಬೆರಳಿಟ್ಟು ತೋರಿಸಿ ಹೋಗುತ್ತಿದ್ದೆವು. ಅವರು ತಲೆ ಆಡಿಸುತ್ತಿದ್ದರು. ನಾವು ಬೆನ್ನು ತಿರುಗಿಸಿದ ಕೂಡಲೇ ಊರಿನವರು ಯಾರಾದರೂ ಸಿಕ್ಕಿ ಜಗಲಿಯಲ್ಲಿ ಮಾತಿಗೆ ಕೂರುತ್ತಿದ್ದರು.

ಕಬಕದ ಒಬ್ಬರು ಮುದುಕಿ ವಾಂತಿಭೇದಿಯಾಗಿ ಬಂದಿದ್ದರು. ಮೈಯಲ್ಲಿ ನೀರೇ ಇಲ್ಲ, ನರಗಳೆಲ್ಲ ಒಳಗೆ ಹೋಗಿವೆ. ಹೇಗೋ ಒಂದು ಸಿಕ್ಕಿತ್ತು. ನಾನು ಹೆರಿಗೆ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ಬರುವಷ್ಟರಲ್ಲಿ ಬಾಟಲಿ ಖಾಲಿ, ಸೂಜಿ ಕಟ್ಟಿಹೋಗಿತ್ತು. ಆಮೇಲೆ ಆ ಕೈ, ಈ ಕೈ, ಕಾಲು ಎಂದು ಐದು ಕಡೆ ಚುಚ್ಚಿದೆ. ಆ ಅಜ್ಜಿ ನನ್ನನ್ನು ಬೈಯಲಿಲ್ಲ. ತುಳುವಿನಲ್ಲಿ ‘ಬೊಡ್ಚಿ ಮಗಾ, ಬೊಡ್ಚಿ’ ಎಂದು ಬೇಡಿಕೊಂಡರು, ಬೇಡ ಮಗಳೇ ಬೇಡ ಎಂದು. ಬೈದಿದ್ದರೆ ಚೆನ್ನಾಗಿತ್ತು. ಅವರು ಗುಣವಾಗಿ ಮನೆಗೆ ಹೋದರು, ನನಗೆ ಮಾತ್ರ ಆ ಧ್ವನಿ ಉಳಿದುಬಿಟ್ಟಿತು. ಆ ಸಂಜೆ ಡಾಕ್ಟರರ ಹತ್ತಿರ, ಬಾಟಲಿ ತಾನೇ ನಮ್ಮನ್ನು ಕರೆಯುವ ಹಾಗೆ ಏನಾದರೂ ಮಾಡಬೇಕು ಸರ್ ಎಂದು ಸಿಟ್ಟಿನಿಂದಲೇ ಹೇಳಿದೆ.

ಡಾಕ್ಟರರಿಗೆ ಇಂಥದ್ದರಲ್ಲಿ ಆಸಕ್ತಿ. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬರನ್ನು ಕರೆಸಿದರು. ಅವರ ಮನೆಯವರು ಕೇರಳದಿಂದ ಬಂದು ಕಡಬದ ಕಡೆ ರಬ್ಬರ್ ಹಾಕಿದವರು. ಇವರಿಗೆ ಮಾತ್ರ ತೋಟ ಹಿಡಿಸದೆ ರೇಡಿಯೋದ ಹಿಂದೆ ಬಿದ್ದಿದ್ದರು. ಡಾಕ್ಟರರು ಹೆರಿಗೆ ಕೋಣೆಯಲ್ಲಿ ಮಗುವನ್ನು ಬಟ್ಟೆಯಲ್ಲಿ ನೇತುಹಾಕಿ ತೂಗುವ ಸ್ಪ್ರಿಂಗಿನ ತಕ್ಕಡಿಯನ್ನು ತೋರಿಸಿದರು. ಬಾಟಲಿಯನ್ನೂ ಹಾಗೆಯೇ ಸ್ಪ್ರಿಂಗಿಗೆ ನೇತುಹಾಕುವುದು. ನೀರು ಇಳಿದ ಹಾಗೆ ಬಾಟಲಿ ಹಗುರವಾಗಿ ಸ್ಪ್ರಿಂಗು ಮೇಲೇರುತ್ತದೆ. ಒಂದು ಮಟ್ಟಕ್ಕೆ ಬಂದಾಗ ಎರಡು ತಗಡು ಒಂದಕ್ಕೊಂದು ತಾಗಿ ಟಾರ್ಚ್ ಸೆಲ್ಲಿನಿಂದ ಗಂಟೆ ಹೊಡೆಯಬೇಕು. ಮೆಕ್ಯಾನಿಕ್ ಒಂದು ವಾರದಲ್ಲಿ ಮಾಡಿ ತಂದರು. ಮುಂದೆ ಅರ್ಜಿಯಲ್ಲಿ ಅದಕ್ಕೆ ಸೆನ್ಸರ್ ಎಂಬ ದೊಡ್ಡ ಹೆಸರು ಬಂತು. ನಾವು ಗಂಟೆ ಎಂದೇ ಕರೆಯುತ್ತಿದ್ದೆವು. ಡಾಕ್ಟರರು ಅದಕ್ಕೆಂದೇ ಒಂದು ಪುಸ್ತಕ ಕೊಟ್ಟು, ಯಾವ ಹಾಸಿಗೆಗೆ ಕಟ್ಟಿದೆ, ಎಷ್ಟು ನೀರು ಉಳಿದಾಗ ಹೊಡೆಯಿತು, ಏನು ಬದಲಾಯಿಸಿದೆ ಎಂದೆಲ್ಲ ಬರೆದಿಡಲು ನನಗೆ ಹೇಳಿದರು.

ಗಂಟೆ ಹೊಡೆಯಿತು, ಹೊಡೆಯದೆ ಏನು? ರೋಗಿ ಕೆಮ್ಮಿದರೆ ಹೊಡೆಯಿತು. ಕೈ ಎಳೆದುಕೊಂಡರೆ ಹೊಡೆಯಿತು. ಯಾರೋ ಸ್ಟ್ಯಾಂಡಿಗೆ ತಾಗಿಕೊಂಡು ಹೋದರೆ ಹೊಡೆಯಿತು. ಬಾಟಲಿ ಒಮ್ಮೆ ಕುಣಿದರೆ ಸಾಕು, ಸ್ಪ್ರಿಂಗು ಮೇಲಕ್ಕೆ ಹಾರಿ ತಗಡು ತಾಗುತ್ತಿತ್ತು. ಓಡಿ ಓಡಿ ನಮಗೆ ಸಾಕಾಯಿತು. ಎರಡನೆಯ ವಾರದಲ್ಲಿ ನನ್ನ ಜೊತೆಯ ನರ್ಸು ಮೆಲ್ಲ ಸೆಲ್ಲು ತೆಗೆದಿಡಲು ಶುರು ಮಾಡಿದಳು. ಡಾಕ್ಟರರೂ ಬೇಸತ್ತು, ಅದನ್ನು ಕಟ್ಟಿ ಮೇಲಿಡಿ, ಇಲ್ಲಿಗೆ ಆಗುವಂಥದ್ದಲ್ಲ ಎಂದರು.

ನನಗೆ ಕಟ್ಟಿಡಲು ಮನಸ್ಸಾಗಲಿಲ್ಲ. ಸಿರಿಂಜು ಕುದಿಸಿ ತೆಗೆಯುವಾಗ ಒಂದು ದಿನ ಹೊಳೆಯಿತು. ಆಗ ಎಣ್ಣೆಯ ಹಾಗೆ ದಪ್ಪಗಿನ ಒಂದು ಇಂಜೆಕ್ಷನ್ ಇತ್ತು. ಅದನ್ನು ಸಪೂರ ಸೂಜಿಯಲ್ಲಿ ಕೊಡಲು ಹೋದರೆ ಹೆಬ್ಬೆರಳು ನೋಯುವಷ್ಟು ಒತ್ತಿದರೂ ಅದು ತನ್ನ ಪಾಡಿಗೆ ನಿಧಾನವಾಗಿಯೇ ಇಳಿಯುತ್ತಿತ್ತು. ಎಷ್ಟು ಬಲ ಹಾಕಿದರೂ ಅವಸರ ಮಾಡಲಾಗದು, ಮೆಲ್ಲಗೆ ಒತ್ತಿದರೆ ಮಾತ್ರ ಹೋಗುತ್ತದೆ. ಸ್ಪ್ರಿಂಗಿಗೂ ಇದನ್ನೇ ಕಟ್ಟಿದರೆ? ಕುಣಿತಕ್ಕೆ ಜಗ್ಗಬಾರದು, ನಿಧಾನದ ಏರಿಕೆಗೆ ಮಾತ್ರ ಬಿಡಬೇಕು. ಇದು ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ. ನರ್ಸಿನ ಹೆಬ್ಬೆರಳಿಗೆ ಗೊತ್ತಿದ್ದ ವಿಷಯ.

ಆ ದಿನ ಡಾಕ್ಟರರು ಮನೆಯವರ ಜೊತೆ ಪೂಜೆಗೆಂದು ಸುಬ್ರಹ್ಮಣ್ಯಕ್ಕೆ ಹೋಗಿದ್ದರು. ತುರ್ತಾದರೆ ಪೇಟೆಯ ಇನ್ನೊಬ್ಬ ಡಾಕ್ಟರರು ಬರುವ ಏರ್ಪಾಡು ಇತ್ತು. ವಾರ್ಡಿನಲ್ಲಿ ಚಳಿಜ್ವರದ ಒಬ್ಬ ರೋಗಿ ಮಂಚ ಅಲುಗುವಷ್ಟು ನಡುಗುತ್ತಿದ್ದರು. ಗಂಟೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಎಲ್ಲಿ ಸಿಗುತ್ತದೆ? ಅಳತೆಯ ಗುರುತು ಅಳಿಸಿಹೋದ ಒಂದು ಗಾಜಿನ ಸಿರಿಂಜು ತೆಗೆದುಕೊಂಡು, ಗ್ಲಿಸರಿನ್ ತುಂಬಿ, ಸಪೂರ ಸೂಜಿ ಹಾಕಿ, ಸೂಜಿಯ ತುದಿಯನ್ನು ಗ್ಲಿಸರಿನ್ನಿನ ಒಂದು ಪುಟ್ಟ ಶೀಶೆಯಲ್ಲಿ ಮುಳುಗಿಸಿದೆ. ಸಿರಿಂಜಿನ ದಂಡವನ್ನು ದಾರದಿಂದ ಸ್ಪ್ರಿಂಗಿಗೆ ಬಿಗಿದೆ. ಆ ರೋಗಿ ನಡುಗಿದರು, ಬಾಟಲಿ ಕುಣಿಯಿತು, ಗಂಟೆ ಸುಮ್ಮನಿತ್ತು. ಎರಡು ಬೆರಳಷ್ಟು ನೀರು ಉಳಿದಾಗ ಹೊಡೆಯಿತು. ನಾನು ಮೆಕ್ಯಾನಿಕ್‌ರ ಅಂಗಡಿಗೆ ಆಯಾಳನ್ನು ಓಡಿಸಿದೆ. ಅವರು ಬಂದು ಮೂರು ಸಲ ಸ್ಟ್ಯಾಂಡು ಅಲುಗಾಡಿಸಿ ನೋಡಿ, ದಾರದ ಬದಲು ತಂತಿಯ ಕೊಂಡಿ ಹಾಕಿಕೊಡುತ್ತೇನೆ ಎಂದರು. ಅವರ ಹೊಗಳಿಕೆ ಅಷ್ಟೇ ಇರುತ್ತಿತ್ತು, ಆದರೆ ಮುಖ ಅರಳಿತ್ತು.

ಮರುದಿನ ಡಾಕ್ಟರರು ಸಿರಿಂಜನ್ನು ನೋಡಿ ನಕ್ಕರು. ಇದೆಂತ ಸಿಸ್ಟರ್, ಗಂಟೆಗೂ ಇಂಜೆಕ್ಷನ್ ಕೊಟ್ರಾ ಎಂದರು. ನಾನೂ ನಕ್ಕೆ. ಆಮೇಲೆ ಒಂದು ತಿಂಗಳು ಗಂಟೆ ತಪ್ಪಿ ಹೊಡೆಯಲಿಲ್ಲ. ಆಗ ಅವರಿಗೆ ಪೇಟೆಂಟಿನ ಯೋಚನೆ ಬಂತು. ಮದ್ರಾಸಿನ ಒಬ್ಬ ಏಜೆಂಟರ ಮೂಲಕ ಅರ್ಜಿ ಹೋಯಿತು, ಕಂಡುಹಿಡಿದವರು ಎಂಬಲ್ಲಿ ಅವರ ಹೆಸರು. ನನ್ನನ್ನು ಕೇಳಲಿಲ್ಲ. ನನಗೂ ಕೇಳಬೇಕೆಂದು ತೋಚಲಿಲ್ಲ, ಆಸ್ಪತ್ರೆ ಅವರದ್ದು, ಸ್ಪ್ರಿಂಗಿನ ಯೋಚನೆಯೂ ಅವರದ್ದು ಎಂದುಕೊಂಡೆ. ತಾಲೂಕಿನ ಡಾಕ್ಟರರ ಒಂದು ಸಭೆಯಲ್ಲಿ ಅವರಿಗೆ ಶಾಲನ್ನೂ ಹೊದೆಸಿದರು. ಅರ್ಜಿಯಲ್ಲಿ ಸಿರಿಂಜಿನ ವಿಷಯ ಕೊನೆಯಲ್ಲಿ ಒಂದೇ ಒಂದು ಸಾಲು ಇತ್ತಂತೆ.

ಬಹಳ ಕಾಲದ ಮೇಲೆ ಆಕ್ಷೇಪಣೆ ಬಂತು, ಜೊತೆಗೆ ಮೊದಲಿನವರ ಪೇಟೆಂಟಿನ ಪ್ರತಿ. ಡಾಕ್ಟರರು ಅದರ ಚಿತ್ರ ತೋರಿಸಿದರು. ಅದೇ ಸ್ಪ್ರಿಂಗು, ಅದೇ ನೇತಾಡುವ ಬಾಟಲಿ, ಅದೇ ತಗಡು, ಅದೇ ಗಂಟೆ. ನಮ್ಮ ವಾರ್ಡಿಗೆ ಯಾರೋ ಬಂದು ಬರೆದುಕೊಂಡು ಹೋದ ಹಾಗಿತ್ತು. ಆದರೆ ಅದು ನಮಗಿಂತ ಎಷ್ಟೋ ವರ್ಷ ಮೊದಲಿನದ್ದು. ಡಾಕ್ಟರರು, ನಮ್ಮದು ಚಿಕ್ಕದು, ಅಗ್ಗದ್ದು, ಹಳ್ಳಿಯ ಆಸ್ಪತ್ರೆಗೆ ಹೇಳಿ ಮಾಡಿಸಿದ್ದು ಎಂದು ಒಂದು ಉತ್ತರ ಬರೆದು ಏಜೆಂಟರಿಗೆ ಕಳುಹಿಸಿದರು. ಅಗ್ಗವಾದರೆ ಬೇರೆಯಾದ ಹಾಗಲ್ಲ, ಇದನ್ನು ಮುಂದೆ ಕೊಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಮೊದಲಿನದ್ದರಲ್ಲಿ ಇಲ್ಲದ್ದು ನಿಮ್ಮದರಲ್ಲಿ ಏನಿದೆ ಎಂದು ಹೇಳಿ ಎಂದು ಏಜೆಂಟರು ಖಡಾಖಂಡಿತವಾಗಿ ಬರೆದರು. ಉತ್ತರ ಕೊಡುವ ಗಡುವು ಹತ್ತಿರವಾಗಿತ್ತು. ಅವತ್ತು ಡಾಕ್ಟರರು ನನ್ನನ್ನು ಕರೆದು ಎದುರಿನ ಕುರ್ಚಿಯಲ್ಲಿ ಕೂರಲು ಹೇಳಿದರು. ಆ ಕುರ್ಚಿಯಲ್ಲಿ ನಾನು ಅದುವರೆಗೆ ಕೂತದ್ದಿಲ್ಲ.

ನನಗೆ ಯೋಚಿಸಲು ಏನೂ ಇರಲಿಲ್ಲ. ಇವರ ಚಿತ್ರದಲ್ಲಿ ಸಿರಿಂಜು ಎಲ್ಲುಂಟು ಸರ್ ಎಂದು ಕೇಳಿದೆ. ಅವರು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಸಿರಿಂಜೂ ಇಲ್ಲ, ಅದರ ಕೆಲಸ ಮಾಡುವ ಬೇರೆ ಒಂದು ಗುಂಡುಸೂಜಿಯೂ ಇಲ್ಲ.

ಮೆಕ್ಯಾನಿಕ್ ಮತ್ತು ನಾನು ಮೂರು ಮಧ್ಯಾಹ್ನ ಕೂತು ಆ ಚಿತ್ರದಲ್ಲಿದ್ದ ಹಾಗೆಯೇ ಇನ್ನೊಂದು ಯಂತ್ರ ಮಾಡಿದೆವು. ಖಾಲಿ ಕೋಣೆಯಲ್ಲಿ ಎರಡನ್ನೂ ಒಂದೇ ಸ್ಟ್ಯಾಂಡಿಗೆ ಕಟ್ಟಿ, ಎರಡಕ್ಕೂ ಒಂದೊಂದು ಬಾಟಲಿ ಹಾಕಿದೆವು. ಮೆಕ್ಯಾನಿಕ್ ರೋಗಿಯಾಗಿ ಮಲಗಿ, ಎರಡು ಕೊಳವೆಯನ್ನೂ ಕೈಗೆ ಕಟ್ಟಿಸಿಕೊಂಡು, ಬೇಕೆಂದೇ ಹೊರಳಾಡಿದರು. ಅವರು ಹೊರಳಿದಾಗಲೆಲ್ಲ ಮೊದಲಿನವರ ಗಂಟೆ ಹೊಡೆಯಿತು. ನಮ್ಮದು ಬಾಟಲಿ ಮುಗಿಯಲು ಬಂದಾಗ ಮಾತ್ರ ಹೊಡೆಯಿತು. ಆಮೇಲೆ ನಾನು ವಾದವನ್ನು ಕನ್ನಡದಲ್ಲಿ ಬರೆದೆ. ಮೊದಲಿನ ಯಂತ್ರಕ್ಕೆ ಬಾಟಲಿ ಹಗುರವಾದದ್ದಕ್ಕೂ ಅಲುಗಿದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ನಮ್ಮದಕ್ಕೆ ತಿಳಿಯುತ್ತದೆ. ಸುಮ್ಮಸುಮ್ಮನೆ ಹೊಡೆಯುವ ಗಂಟೆಯನ್ನು ನರ್ಸುಗಳು ಎರಡು ವಾರದಲ್ಲಿ ನಿಲ್ಲಿಸಿಬಿಡುತ್ತಾರೆ, ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಿರಿಂಜು ಸೇರಿಸುವುದು ಯಾರಿಗಾದರೂ ಹೊಳೆಯುವ ವಿಷಯ ಎಂದು ನೀವು ಹೇಳಬಹುದು. ಹಾಗಾದರೆ ಮೊದಲಿನವರಿಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ? ಅವರು ಯಂತ್ರವನ್ನು ಮೇಜಿನ ಮೇಲೆ ನೋಡಿದ್ದಾರೆ, ನಡುಗುವ ರೋಗಿಯ ಪಕ್ಕದಲ್ಲಿ ನಿಂತು ನೋಡಿಲ್ಲ.

ಡಾಕ್ಟರರು ಅದನ್ನು ಇಂಗ್ಲಿಷಿಗೆ ಮಾಡಿಕೊಳ್ಳುತ್ತಾ ಪೆನ್ನು ಕೆಳಗಿಟ್ಟು, ‘ಇದರಲ್ಲಿ ನಿಮ್ಮ ಹೆಸರು ಬರಬೇಕು ಸಿಸ್ಟರ್, ನಾನು ಏಜೆಂಟರಿಗೆ ಬರಿತೇನೆ’ ಎಂದರು. ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದ್ದು. ಸಾಕ್ಷಿಗೆ ಗಂಟೆಯ ಪುಸ್ತಕ ಬೇಕು ಎಂದರು, ಖುಷಿಯಿಂದ ತೆಗೆದುಕೊಟ್ಟೆ.

ಆ ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಅದನ್ನು ಇಲ್ಲಿ ಸ್ವಲ್ಪ ಬದಲಾಯಿಸಿ ಬರೆಯುತ್ತಿದ್ದೇನೆ. ಸರಕಾರದ ಕಾಗದದಲ್ಲಾ, ನಿನ್ನ ಹೆಸರಾ ಎಂದು ಅಪ್ಪ ಎರಡೆರಡು ಸಲ ಕೇಳಿದರು. ಇಡೀ ಹೆಸರು ಬರುತ್ತದೋ ಬರೀ ನರ್ಸ್ ಎಂದು ಬರುತ್ತದೋ ಎಂದೂ ಕೇಳಿದರು. ಆ ಪ್ರಶ್ನೆ ಯಾಕೆ ಎಂದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ನಾನು ಸಿಸ್ಟರ್, ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. ಮರುದಿನ ಅಪ್ಪ ಬೆಳ್ಳಾರೆ ಪೇಟೆಗೆ ಹೋದವರು ಸುಮ್ಮನಿರಲಿಲ್ಲ. ಹೋಟೆಲಿನಲ್ಲಿ ಹೇಳಿದರು, ಕಟಿಂಗ್ ಅಂಗಡಿಯಲ್ಲಿ ಹೇಳಿದರು, ಪುತ್ತೂರು ಬಸ್ಸಿನ ಕಂಡಕ್ಟರನಿಗೂ ಹೇಳಿದರು. ಸೌಟು ತೆಗೆದುಕೊಂಡಿದ್ದ ಚಿಕ್ಕಮ್ಮನ ಮನೆಗಂತೂ ಅದಕ್ಕೆಂದೇ ಹೋಗಿ ಹೇಳಿ ಬಂದರು. ಬೇಡ ಅಪ್ಪ, ಇನ್ನೂ ಬಂದಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ, ನನಗೂ ಹಿತವಾಗಿತ್ತು.

ಒಂದು ದಿನ ಡಾಕ್ಟರರು, ಬಸ್ ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಅಂಗಡಿಯಿಂದ ಮದ್ರಾಸಿಗೆ ಹೋಗುವ ಕಾಗದಗಳನ್ನು ತರಲು ನನ್ನನ್ನೇ ಕಳುಹಿಸಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದು ಅವರು ತಿಳಿದುಕೊಂಡಿರಬೇಕು. ಮಾತಾಡಲು ಅಷ್ಟಕ್ಕಷ್ಟೆ, ಓದಲು ಸಾಕಾಗುವಷ್ಟು ಬರುತ್ತಿತ್ತು. ದಾರಿಯಲ್ಲಿ ಓದುತ್ತಾ ಬಂದೆ. ನನ್ನ ವಾದ ಪೂರ್ತಿ ಇತ್ತು, ನಡುಗುವ ರೋಗಿಯೂ ಇದ್ದರು. ಕೆಳಗೆ ಇನ್ನೊಂದು ಕಾಗದ. ಸಿರಿಂಜಿನ ಯೋಚನೆ ಯಾರದ್ದು, ಬೇರೆಯವರದ್ದಾದರೆ ಅವರ ಹೆಸರನ್ನೂ ಕಂಡುಹಿಡಿದವರೆಂದು ಸೇರಿಸಬೇಕಾಗುತ್ತದೆ ಎಂದು ಏಜೆಂಟರು ಕೇಳಿದ್ದಕ್ಕೆ ಉತ್ತರ ಅದು. ಸಿರಿಂಜನ್ನು ಸೇರಿಸಿದ್ದು ಅರ್ಜಿದಾರನಾದ ನಾನೇ, ನರ್ಸು ನನ್ನ ಹೇಳಿಕೆಯಂತೆ ಅದನ್ನು ಅಳವಡಿಸಿದ್ದಾರೆ, ಅವರದೇ ಕೈಬರಹದ ಪುಸ್ತಕದ ಪುಟಗಳ ಪ್ರತಿಯನ್ನು ಇದರ ಜೊತೆ ಕಳುಹಿಸುತ್ತಿದ್ದೇನೆ ಎಂದು ಬರೆದಿತ್ತು. ನಾನು ದಾರಿಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಲಾರಿಯವನು ಹಾರ್ನು ಹೊಡೆದು ಬೈದುಕೊಂಡು ಹೋದ.

ಆಸ್ಪತ್ರೆಗೆ ಬಂದು ನೇರ ಅವರ ಕೋಣೆಗೆ ಹೋದೆ. ಅವರು ಕೈ ತೊಳೆಯುತ್ತಿದ್ದರು. ಇದು ಸುಳ್ಳಲ್ಲವಾ ಸರ್ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು, ಮೇಜಿನ ಖಾನೆಯಿಂದ ಗಂಟೆಯ ಪುಸ್ತಕ ತೆಗೆದು, ಗುರುತಿಟ್ಟಿದ್ದ ಪುಟವನ್ನು ನನ್ನ ಕಡೆ ತಿರುಗಿಸಿದರು. ಸುಬ್ರಹ್ಮಣ್ಯಕ್ಕೆ ಹೋದ ದಿನದ ಪುಟ. ‘ಗ್ಲಿಸರಿನ್ ತುಂಬಿದ ಸಿರಿಂಜು ಅಳವಡಿಸಿದೆ, ಡಾಕ್ಟರರ ಆದೇಶದಂತೆ.’ ನನ್ನದೇ ಅಕ್ಷರ. ಹಿಂದಿನ ಪುಟ ತಿರುಗಿಸಿದರು, ಮುಂದಿನ ಪುಟ ತಿರುಗಿಸಿದರು. ಸೂಜಿ ಬದಲಾಯಿಸಿದ್ದು, ಗ್ಲಿಸರಿನ್ ಕಡಿಮೆ ಮಾಡಿದ್ದು, ತಗಡಿನ ಮಟ್ಟ ಏರಿಸಿದ್ದು, ಎಲ್ಲದರ ಕೊನೆಗೂ ಅದೇ ಮಾತು.

ನರ್ಸುಗಳಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ಮಂಗಳೂರಿನಲ್ಲಿ ನಮಗೆ ಕಲಿಸಿದ ಮೇಡಂ ಮೊದಲ ದಿನದಿಂದ ತಲೆಗೆ ತುಂಬಿದ್ದು ಒಂದೇ. ನರ್ಸು ಸ್ವಂತಕ್ಕೆ ಏನೂ ಮಾಡುವುದಿಲ್ಲ. ಒಂದು ಚಮಚ ಔಷಧಿ ಕೊಟ್ಟರೂ, ಒಂದು ಪಟ್ಟಿ ಬಿಚ್ಚಿದರೂ, ಬರೆಯುವಾಗ ಕೊನೆಗೆ ಆ ಮಾತು ಇರಬೇಕು. ಇಲ್ಲದಿದ್ದರೆ ಇಡೀ ಪುಟವನ್ನು ಹರಿದು ಮತ್ತೆ ಬರೆಸುತ್ತಿದ್ದರು. ವರ್ಷಗಟ್ಟಲೆ ಬರೆದು ಬರೆದು ಅದು ಪೂರ್ಣವಿರಾಮ ಹಾಕಿದ ಹಾಗೆ ಆಗಿಬಿಟ್ಟಿತ್ತು. ನಾನು ಬರೆದದ್ದೇ ನನಗೆ ನೆನಪಿರಲಿಲ್ಲ. ಆದೇಶ ಕೊಟ್ಟರು ಎಂದು ಬರೆದ ದಿನ ಆದೇಶ ಕೊಡುವವರು ಊರಲ್ಲೇ ಇರಲಿಲ್ಲ ಎಂಬುದೂ ಬರೆಯುವಾಗ ತಲೆಗೆ ಹೋಗಿರಲಿಲ್ಲ.

‘ಆ ದಿನ ನೀವು ಇಲ್ಲಿ ಇರ್ಲೇ ಇಲ್ಲ ಸರ್’ ಎಂದೆ. ‘ಹೊರಗಿನ ರೋಗಿಗಳ ಪುಸ್ತಕ ನೋಡಿ, ಡಾಕ್ಟರರು ಊರಲ್ಲಿಲ್ಲ ಅಂತ ಬರ್ದುಂಟು.’

ಅವರು ಸಿಟ್ಟು ಮಾಡಲಿಲ್ಲ. ರೋಗಿಗೆ ರೋಗದ ಹೆಸರು ಹೇಳುವಾಗ ಮಾತಾಡುತ್ತಿದ್ದ ಹಾಗೆ ಮೆಲ್ಲಗೆ ಮಾತಾಡಿದರು. ‘ಉಂಟು ಸಿಸ್ಟರ್. ಆದ್ರೆ ಯೋಚನೆ ಮಾಡಿ. ನಾನು ಇಲ್ಲದ ದಿನ, ಪರೀಕ್ಷೆ ಮಾಡದ ಒಂದು ವಸ್ತುವನ್ನು ನೀವು ರೋಗಿಯ ಡ್ರಿಪ್ಪಿಗೆ ಕಟ್ಟಿದ್ದು ಅಂತ ಆಗ್ತದೆ. ಮೇಲಿಂದ ನನ್ನ ಆರ್ಡರ್ ಅಂತ ಸುಳ್ಳು ಬರ್ದದ್ದು ಅಂತ ಆಗ್ತದೆ. ಅದನ್ನು ನಾನು ಕಾಗದದಲ್ಲಿ ಹಾಕುದಾ?’

ನನ್ನ ನರ್ಸಿಂಗ್ ರಿಜಿಸ್ಟ್ರೇಷನ್ ಹೋಗುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಿರಿಂಜು ನನ್ನದು ಎನ್ನಬೇಕಾದರೆ ನಾನು ತಪ್ಪು ಮಾಡಿದವಳು ಎನ್ನಬೇಕು, ತಪ್ಪು ಮಾಡಿಲ್ಲ ಎನ್ನಬೇಕಾದರೆ ಸಿರಿಂಜು ಅವರದ್ದು. ಅವರೇ ಮತ್ತೆ, ಈಗ ಹೆಸರು ಸೇರಿಸಲು ಹೋದರೆ ಮೊದಲಿನ ಹೇಳಿಕೆ ತಪ್ಪೆಂದಾಗುತ್ತದೆ, ಗಡುವು ಮೀರಿದರೆ ಅರ್ಜಿಯೇ ಬಿದ್ದುಹೋದೀತು, ಈ ಗಂಟೆ ಇನ್ನು ನಾಲ್ಕಾರು ಆಸ್ಪತ್ರೆಗಳಿಗೆ ತಲುಪುವುದು ನಮಗೆ ಮುಖ್ಯ ಅಲ್ಲವಾ ಎಂದರು. ನಮಗೆ ಅಂತೆ. ನನಗೆ ಅವರ ಮುಖದ ಮೇಲೆ ಆ ಪುಸ್ತಕ ಎಸೆಯಬೇಕೆಂದು ಅನ್ನಿಸಿತು. ಎಸೆಯಲಿಲ್ಲ. ಕಬಕದ ಅಜ್ಜಿ ಕಣ್ಣೆದುರು ಬಂದರು. ಅಂಥವರಿಗೆ ಎಲ್ಲಿಯಾದರೂ ಐದರ ಬದಲು ಒಂದೇ ಚುಚ್ಚು ಸಾಕಾಗುವುದಿದ್ದರೆ ನನ್ನ ಹೆಸರು ಹಾಳಾಗಿ ಹೋಗಲಿ ಎಂದುಕೊಂಡೆ. ಇದ್ದ ಹಾಗೆಯೇ ಕಳುಹಿಸಿ ಸರ್ ಎಂದು ಹೇಳಿ, ಮೂರನೆಯ ಹಾಸಿಗೆಯವರ ಜ್ವರ ನೋಡಲು ಹೋದೆ.

ವಿಷಯ ತಿಳಿದು ಮೆಕ್ಯಾನಿಕ್ ಕೆರಳಿದರು. ಮದ್ರಾಸಿಗೆ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ, ನೀವು ಯಾಕೆ ಹೆದರುತ್ತೀರಿ ಎಂದರು. ಅವರ ಅಂಗಡಿಗೆ ಯಾವ ರಿಜಿಸ್ಟ್ರೇಷನ್ನೂ ಬೇಡ. ನನ್ನ ಸಂಬಳದಲ್ಲಿ ಇಬ್ಬರು ತಮ್ಮಂದಿರು ಓದುತ್ತಿದ್ದರು. ಬೇಡ ಎಂದೆ. ಅವರು ಆಮೇಲೆ ಆಸ್ಪತ್ರೆಯ ಕಡೆ ಬರುವುದನ್ನೇ ಕಡಿಮೆ ಮಾಡಿದರು.

ಅಪ್ಪನಿಗೆ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಊರಿಗೆ ಹೋದಾಗಲೆಲ್ಲ ಕಾಗದ ಬಂತಾ ಎಂದು ಕೇಳುತ್ತಿದ್ದರು, ಇಲ್ಲ ಇಲ್ಲ ಎನ್ನುತ್ತಿದ್ದೆ. ಕೊನೆಗೆ ಒಂದು ದಿನ ಎಲ್ಲವನ್ನೂ ಹೇಳಿದೆ. ಡಾಕ್ಟರರಿಗೆ ನಾಲ್ಕು ಬೈಯಲಿ ಎಂದು ಕಾದೆ. ನೀನೇ ಬರೆದು ಕೊಟ್ಟು ಕೆಟ್ಟೆಯಲ್ಲ ಎಂದು ನನಗಾದರೂ ಬೈಯಲಿ ಎಂದು ಕಾದೆ. ಅವರು ಮಾತ್ರ, ‘ಹಾಗಾದ್ರೆ ಬೆಳ್ಳಾರೆಯಲ್ಲಿ ನಾನು ಎಂತ ಹೇಳುದು?’ ಎಂದು ಕೇಳಿದರು. ಸ್ವಲ್ಪ ದಿನ ಅವರು ಆ ಹೋಟೆಲಿಗೆ ಹೋಗುವುದನ್ನು ಬಿಟ್ಟು, ಚಾ ಕುಡಿಯದೆಯೇ ಪೇಟೆಯಿಂದ ಬರುತ್ತಿದ್ದರು ಎಂದು ಅಮ್ಮ ಆಮೇಲೆ ಹೇಳಿದರು. ಡಾಕ್ಟರರನ್ನು ನಾನು ಎಲ್ಲದಕ್ಕೂ ಕ್ಷಮಿಸಿಯೇನು, ಇದೊಂದಕ್ಕೆ ಇಲ್ಲ.

ವಾದ ಗೆದ್ದಿತು. ಸಿರಿಂಜು ಇರುವುದರಿಂದ ಇದು ಮೊದಲಿನದ್ದಕ್ಕಿಂತ ಬೇರೆ ಎಂದು ಒಪ್ಪಿ ಪೇಟೆಂಟ್ ಕೊಟ್ಟರು. ಡಾಕ್ಟರರು ಎಲ್ಲರಿಗೂ ಹೋಳಿಗೆ ಊಟ ಹಾಕಿಸಿ, ನನಗೆ ಒಂದು ಸೀರೆ ಕೊಟ್ಟರು. ಅದನ್ನು ನಾನು ಆಯಾಳಿಗೆ ಕೊಟ್ಟೆ. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಅವರ ಕುರ್ಚಿಯ ಹಿಂದೆ ತೂಗುಹಾಕಿದರು. ಬೆಂಗಳೂರಿನ ಯಾವುದೋ ಕಂಪೆನಿಯವರು ಮಾಡಿ ಮಾರುತ್ತಾರೆ, ಮಾತುಕತೆ ನಡೆದಿದೆ ಎಂದರು. ನಾನು ಕಾದೆ. ಸುಳ್ಯದ ಕಡೆಯ ನರ್ಸುಗಳು ಸಿಕ್ಕಿದರೆ, ನಿಮ್ಮಲ್ಲಿಗೆ ಅಂಥದ್ದೇನಾದರೂ ಬಂತಾ ಎಂದು ಕೇಳುತ್ತಿದ್ದೆ. ಎಲ್ಲಿಗೂ ಬರಲಿಲ್ಲ. ಚಿತ್ರ ನೋಡಿ ಮಾಡಿದ್ದಕ್ಕೂ ಸಿರಿಂಜು ಸೇರಿಸಿ, ನಮ್ಮ ವಾರ್ಡಿನ ಆ ಎರಡು ಗಂಟೆಗಳನ್ನು ಮಾತ್ರ ನಾನೇ ತೊಳೆದು, ಗ್ಲಿಸರಿನ್ ಹಾಕಿ ನಡೆಸಿಕೊಂಡು ಬಂದೆ.

ಎಂಬತ್ತರ ದಶಕ ಅರ್ಧ ಕಳೆದಿರಬೇಕು, ನಮ್ಮಲ್ಲಿಗೆ ಪ್ಲಾಸ್ಟಿಕ್ ಬಾಟಲಿ ಬರತೊಡಗಿತು. ಗಾಜಿನ ಭಾರಕ್ಕೆ ಮಾಡಿದ ಸ್ಪ್ರಿಂಗು ಅದಕ್ಕೆ ಸರಿಹೋಗುವುದಿಲ್ಲ, ಬಾಟಲಿ ನೇತುಹಾಕಿದ ಕೂಡಲೇ ಗಂಟೆ ಹೊಡೆಯುತ್ತಿತ್ತು. ಮೆತ್ತಗಿನ ಸ್ಪ್ರಿಂಗು ಹಾಕಿದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಡಾಕ್ಟರರ ಹತ್ತಿರ ಹೋಗಿ, ಈ ಬದಲಾವಣೆಯನ್ನು ಪೇಟೆಂಟಿನಲ್ಲಿಯೂ ಸೇರಿಸಬೇಕಾ, ಕಂಪೆನಿಯವರಿಗೆ ಬರೆಯಬೇಕಾ ಎಂದು ಕೇಳಿದೆ. ಅವರು ಯಾರದ್ದೋ ಎಕ್ಸ್‌ರೇ ನೋಡುತ್ತಿದ್ದರು. ತಲೆ ಎತ್ತಿ, ನೆನಪು ಮಾಡಿಕೊಳ್ಳುವವರ ಹಾಗೆ ಒಂದು ಗಳಿಗೆ ನನ್ನನ್ನು ನೋಡಿದರು.

‘ಅದಾ ಸಿಸ್ಟರ್? ಅದು ಬಿದ್ದುಹೋಗಿ ಎರಡು ವರ್ಷ ಆಯ್ತಲ್ಲ. ಮುಂದುವರಿಸುದಾದ್ರೆ ಫೀಸು ಕಟ್ಟಿ ಅಂತ ಕಾಗದ ಬಂದಿತ್ತು, ನನಗೆ ಮರ್ತೇ ಹೋಯ್ತು. ನಿಮಗೆ ಹೇಳ್ಲಿಲ್ವಾ ನಾನು?’

ಹೇಳಿರಲಿಲ್ಲ. ಅವರ ಹೆಸರಿಗೆ ಬಂದ ಕಾಗದದ ವಿಷಯ ನನಗೆ ಯಾಕೆ ಹೇಳಬೇಕು? ನನ್ನ ಹೆಸರು ಇದ್ದಿದ್ದರೆ ಆ ಕಾಗದ ನನಗೂ ಬರುತ್ತಿತ್ತು. ನಾನು ಮರೆಯುತ್ತಿರಲಿಲ್ಲ.